ಹಳೆಯ ಮಾದರಿಯ ಸೆರಿಫ್ ಅಕ್ಷರಗಳ ಬೋಲ್ಡ್ ರೂಪ: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು?

ಪುಟಕಟ್ಟು (ಪ್ರಶ್ನೆ):

ನಮಸ್ಕಾರ. ಇಂಗ್ಲಿಷ್ ಪ್ರಬಂಧಗಳ ಸಂಕಲನವೊಂದರ ಒಳಪುಟಗಳನ್ನೂ ಮುಖಪುಟವನ್ನೂ ವಿನ್ಯಾಸ ಮಾಡುತ್ತಿದ್ದೇನೆ. ಮುಖ್ಯ ಪಠ್ಯ ಕ್ಯಾಸ್ಲನ್ ಮಾದರಿಯ ಸೆರಿಫ್ ಅಕ್ಷರದಲ್ಲಿ (ಗೆರೆಗಳ ತುದಿಗೆ ಚಿಕ್ಕ ಚಾಚು, ಅಂದರೆ ಸೆರಿಫ್, ಇರುವ ಅಕ್ಷರ), 11 ಪಾಯಿಂಟ್ ಅಳತೆಯಲ್ಲಿದೆ. ಪುಟ ಹದವಾಗಿ, ಕಣ್ಣಿಗೆ ಹಿತವಾಗಿ ಕಾಣುತ್ತಿದೆ. ಅದರಲ್ಲಿ ನನಗೆ ತಕರಾರಿಲ್ಲ. ತೊಡಕಿರುವುದು ಶೀರ್ಷಿಕೆಗಳಲ್ಲಿ.

ಅದೇ ಕುಟುಂಬದ ಬೋಲ್ಡ್ (ದಪ್ಪ ರೂಪ) ಅನ್ನು ಉಪಶೀರ್ಷಿಕೆಗಳಿಗೆ ಹಾಕಿದರೆ 11 ಪಾಯಿಂಟಿನಲ್ಲಿ ‘ಎ’, ‘ಇ’, ‘ಜಿ’ಯಂಥ ಚಿಕ್ಕಕ್ಷರಗಳ ಒಳಜಾಗ ಮುಚ್ಚಿಹೋಗಿ ಸಾಲೆಲ್ಲ ಕಪ್ಪುಗಟ್ಟಿದ ಹಾಗೆ ಕಾಣುತ್ತದೆ. ಅದನ್ನೇ ಮುಖಪುಟದಲ್ಲಿ 60 ಪಾಯಿಂಟಿಗೆ ಹಿಗ್ಗಿಸಿದರೆ ಅಕ್ಷರಗಳು ಅಗಲಗಲವಾಗಿ, ಬಿಗಿಯಿಲ್ಲದೆ ನಿಲ್ಲುತ್ತವೆ; ಸಾದಾ ಅಕ್ಷರದಲ್ಲಿದ್ದ ಲಾಲಿತ್ಯದ ಸುಳಿವೂ ಉಳಿಯುವುದಿಲ್ಲ. ವಿಚಿತ್ರವೆಂದರೆ, ಕ್ಯಾಸ್ಲನ್‌ಗೆ ಯಾವ ನಂಟೂ ಇಲ್ಲದ ಕ್ಲಾರೆಂಡನ್ ಎಂಬ ದಪ್ಪ ಸೆರಿಫ್ ಅಕ್ಷರವನ್ನು ಅದೇ ಜಾಗದಲ್ಲಿಟ್ಟು ನೋಡಿದಾಗ ಅದು ಎರಡು ಅಳತೆಗಳಲ್ಲೂ ಗಟ್ಟಿಯಾಗಿ ಕೂತಿತು.

ಒಂದೇ ಕುಟುಂಬದ ಬೋಲ್ಡ್ ತನ್ನದೇ ಸಾದಾ ರೂಪದ ಪಕ್ಕದಲ್ಲಿ ಪರಕೀಯವಾಗಿ ಕಾಣುವುದು ಏಕೆ? ಇದು ನಾನು ಬಳಸುತ್ತಿರುವ ಫಾಂಟಿನ ದೋಷವೇ, ಅಥವಾ ಈ ಬಗೆಯ ಅಕ್ಷರಗಳ ಸ್ವಭಾವದಲ್ಲೇ ಇರುವ ಮಿತಿಯೇ? ಹುಟ್ಟುವಾಗಲೇ ದಪ್ಪವಾಗಿ ಹುಟ್ಟಿದ ಸೆರಿಫ್ ಅಕ್ಷರಗಳಿದ್ದರೆ ಅವು ಯಾವ ಕೆಲಸಕ್ಕೆಂದು ರೂಪುಗೊಂಡವು? ಅನುಭವಿಗಳು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ. ‘ಇಂಥ ಫಾಂಟ್ ಹಾಕಿ’ ಎಂಬ ಒಂದು ಸಾಲಿನ ಉತ್ತರಕ್ಕಿಂತ, ಆಯ್ಕೆ ಮಾಡುವಾಗ ಏನನ್ನು ನೋಡಬೇಕು ಎಂಬುದು ನನಗೆ ಮುಖ್ಯ.

ಮೊಳೆಕೆತ್ತನೆ:

ನೀವು ಗಮನಿಸಿದ ಎರಡು ತೊಂದರೆಗಳಿಗೂ ಮೂಲ ಒಂದೇ. ಸೆರಿಫ್ ಅಕ್ಷರಕ್ಕೆ ದಪ್ಪ ಬರುವುದು ಹೆಚ್ಚಾಗಿ ಅಡ್ಡಡ್ಡಲಾಗಿ. ಲಂಬವಾಗಿ ಬೆಳೆಯಲು ಅದಕ್ಕೆ ಜಾಗವೇ ಇರುವುದಿಲ್ಲ.

ಚಿಕ್ಕಕ್ಷರ ‘ಇ’ಯನ್ನೇ ತೆಗೆದುಕೊಳ್ಳಿ. ಕ್ಯಾಸ್ಲನ್‌ನಲ್ಲಿ ಚಿಕ್ಕಕ್ಷರಗಳ ಎತ್ತರ ಮೊದಲೇ ಕಡಿಮೆ. 11 ಪಾಯಿಂಟಿನಲ್ಲಿ ಅದು ಸುಮಾರು ಒಂದೂವರೆ ಮಿಲಿಮೀಟರ್ ಆದೀತು. ಅಷ್ಟರೊಳಗೆ ಮೇಲಿನ ಕಮಾನು, ನಡುವಿನ ಅಡ್ಡಗೆರೆ, ಕೆಳಗಿನ ಬಾಗು ಎಂಬ ಮೂರು ಗೆರೆಗಳು ಒಂದರ ಮೇಲೊಂದು ಬರಬೇಕು, ಅವುಗಳ ನಡುವೆ ಎರಡು ಬಿಳಿ ಜಾಗಗಳೂ ಉಳಿಯಬೇಕು. ನಿಲುಗೆರೆಯನ್ನು (ಅಕ್ಷರದ ಲಂಬ ಗೆರೆಯನ್ನು) ಒಂದೂವರೆ ಪಟ್ಟು ದಪ್ಪ ಮಾಡಿದ ಲೆಕ್ಕದಲ್ಲೇ ಈ ಅಡ್ಡಗೆರೆಗಳನ್ನೂ ದಪ್ಪ ಮಾಡಿದರೆ ಬಿಳಿ ಜಾಗ ಕಣ್ಮರೆಯಾಗುತ್ತದೆ. ಹಾಗೆಂದು ಅವನ್ನು ಇದ್ದಷ್ಟಕ್ಕೇ ಬಿಟ್ಟರೆ ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಅಂತರ ಹಿಗ್ಗಿ ಅಕ್ಷರದ ಸ್ವಭಾವವೇ ಬೇರೆಯಾಗುತ್ತದೆ. ಎರಡು ಅಂತಸ್ತಿನ ‘ಎ’, ಎರಡು ಹೊಟ್ಟೆಯ ‘ಜಿ’, ಮತ್ತು ‘ಎಸ್’ ಇವುಗಳಲ್ಲಿಯೂ ಇದೇ ಕಷ್ಟ. ಬೋಲ್ಡ್ ಅಕ್ಷರವನ್ನು ರಚಿಸುವವರು ಮೊದಲು ಬಿಡಿಸಿ ನೋಡುವುದು ಈ ನಾಲ್ಕನ್ನೇ. ಇವು ಬಗೆಹರಿದರೆ ಉಳಿದವು ತಾವಾಗಿಯೇ ದಾರಿಗೆ ಬರುತ್ತವೆ.

ಹಳೆಯ ಮಾದರಿಯ ಅಕ್ಷರಗಳು ಅಗಲ ತುದಿಯ ಲೇಖನಿಯಿಂದ ಬಂದವು. ಲೇಖನಿಯನ್ನು ಓರೆಯಾಗಿ ಹಿಡಿದಾಗ ಯಾವ ಗೆರೆ ದಪ್ಪವಾಗಿ, ಯಾವುದು ತೆಳ್ಳಗೆ ಬರುತ್ತದೆಂಬುದೇ ಅವುಗಳ ರೂಪವನ್ನು ನಿರ್ಧರಿಸಿತು. ಲೇಖನಿಯ ಅಗಲದ ನಾಲ್ಕೈದು ಪಟ್ಟಿನಷ್ಟು ಎತ್ತರಕ್ಕೆ ಬರೆದರೆ ಅಕ್ಷರ ತಿಳಿಯಾಗಿ, ಹಗುರಾಗಿ ಇರುತ್ತದೆ. ಅದೇ ಎತ್ತರದಲ್ಲಿ ಇನ್ನೂ ಅಗಲದ ಲೇಖನಿ ಹಿಡಿದರೆ ಗೆರೆಗಳು ಒಂದನ್ನೊಂದು ಒತ್ತತೊಡಗುತ್ತವೆ, ದುಂಡು ರೂಪಗಳು ಕೋನಗಳಾಗುತ್ತವೆ, ಕೊನೆಗೆ ಮಧ್ಯಯುಗದ ಗಾಥಿಕ್ ಬರಹಕ್ಕೆ ಹತ್ತಿರವಾಗಿಬಿಡುತ್ತವೆ. ಅಂದರೆ ದಪ್ಪಗಾದ ಕ್ಯಾಸ್ಲನ್ ಎಂಬುದು ಲೇಖನಿಯ ತರ್ಕದಿಂದ ಹುಟ್ಟಿದ್ದಲ್ಲ. ಅದು ನಂತರದವರು ಮೇಜಿನ ಮೇಲೆ ಊಹಿಸಿ ಬಿಡಿಸಿದ ರೂಪ. ಆದ್ದರಿಂದ ಇದು ನಿಮ್ಮ ಫಾಂಟೊಂದರ ದೋಷವೆಂದು ನಾನು ಹೇಳಲಾರೆ.

ಈ ಕಷ್ಟದಿಂದ ಪಾರಾಗಲು ಎರಡೇ ದಾರಿಗಳಿವೆ. ತೆಳು ಗೆರೆಗಳನ್ನು ತೆಳ್ಳಗೇ ಬಿಟ್ಟು ನಿಲುಗೆರೆಗಳನ್ನಷ್ಟೇ ಉಬ್ಬಿಸುವುದು ಮೊದಲನೆಯದು; ಬೊಡೋನಿ ಮಾದರಿಯ (ದಪ್ಪ-ತೆಳುವಿನ ಅಂತರ ಬಹಳ ಹೆಚ್ಚಿರುವ) ಅತಿದಪ್ಪ ಅಕ್ಷರಗಳು ಹಿಡಿದದ್ದು ಈ ದಾರಿ. ತೆಳು ಗೆರೆಗಳನ್ನೂ ಸೆರಿಫ್‌ಗಳನ್ನೂ ಜೊತೆಜೊತೆಗೇ ದಪ್ಪ ಮಾಡಿ, ಅದಕ್ಕೆ ಬೇಕಾದ ಒಳಜಾಗಕ್ಕಾಗಿ ಚಿಕ್ಕಕ್ಷರಗಳ ಎತ್ತರವನ್ನೇ ಹೆಚ್ಚಿಸುವುದು ಎರಡನೆಯದು. ನಿಮ್ಮ ಕ್ಲಾರೆಂಡನ್ ಬಂದದ್ದು ಈ ದಾರಿಯಲ್ಲಿ. ಮೊದಲನೆಯದು ದೊಡ್ಡ ಅಳತೆಯಲ್ಲಿ ಮೆರೆಯುತ್ತದೆ, ಸಣ್ಣ ಅಳತೆಯಲ್ಲಿ ಸೋಲುತ್ತದೆ. ಎರಡನೆಯದು ಎಲ್ಲ ಅಳತೆಗಳಲ್ಲೂ ನಿಲ್ಲುತ್ತದೆಯಾದರೂ ಅದರಲ್ಲಿ ನಯ ಕಡಿಮೆ. ಕ್ಯಾಸ್ಲನ್ ಬೋಲ್ಡ್‌ಗಳಲ್ಲಿ ಬಹಳಷ್ಟು ಈ ಎರಡರ ನಡುವೆ ಸಿಕ್ಕಿಕೊಂಡಿವೆ. ಸಾದಾ ರೂಪದ ಗುರುತನ್ನು ಬಿಡಲೊಲ್ಲವು, ದಪ್ಪಕ್ಕೆ ಬೇಕಾದ ಹೊಸ ಅಳತೆಗಳನ್ನು ಒಪ್ಪಿಕೊಳ್ಳಲೂ ಒಲ್ಲವು.

ಹಾಗಾದರೆ ಆಯ್ಕೆ ಮಾಡುವಾಗ ಏನನ್ನು ನೋಡಬೇಕು? ಚಿಕ್ಕಕ್ಷರ ‘ಎನ್’ನಲ್ಲಿ ಕಮಾನು ನಿಲುಗೆರೆಯಿಂದ ಬೇರ್ಪಡುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಒಳ್ಳೆಯ ಬೋಲ್ಡ್‌ನಲ್ಲಿ ಆ ಕೂಡುವ ಜಾಗ ಗಮನಾರ್ಹವಾಗಿ ತೆಳುವಾಗಿರುತ್ತದೆ, ಬಿಳಿ ಬಣ್ಣ ಅಲ್ಲಿಗೆ ಚೂಪಾಗಿ ನುಗ್ಗಿರುತ್ತದೆ. ಹಾಗಿಲ್ಲದಿದ್ದರೆ ಸಣ್ಣ ಅಳತೆಯಲ್ಲಿ ಅಲ್ಲೊಂದು ಕಪ್ಪು ಗಂಟು ಕಾಣುತ್ತದೆ. ಆಮೇಲೆ ‘ಎಮ್’ ಅನ್ನು ‘ಎನ್’ ಪಕ್ಕದಲ್ಲಿಡಿ. ಮೂರು ನಿಲುಗೆರೆಗಳ ‘ಎಮ್’ನಲ್ಲಿ ಪ್ರತಿ ಗೆರೆಯೂ ‘ಎನ್’ನ ಗೆರೆಗಿಂತ ಕೂದಲೆಳೆಯಷ್ಟು ಸಪೂರವಾಗಿದ್ದರೆ ಅದನ್ನು ಬಿಡಿಸಿದವರು ಕಣ್ಣಿಟ್ಟು ಬಿಡಿಸಿದ್ದಾರೆಂದು ತಿಳಿಯಬಹುದು. ಎಲ್ಲ ಗೆರೆಗಳೂ ಒಂದೇ ಅಳತೆಯಲ್ಲಿದ್ದರೆ, ಸಾದಾ ಅಕ್ಷರದ ಅಂಚನ್ನು ತಂತ್ರಾಂಶದಲ್ಲಿ ಸುತ್ತಲೂ ಒಂದೇ ಸಮ ಉಬ್ಬಿಸಿರುವ ಸಾಧ್ಯತೆ ಹೆಚ್ಚು. ಅಂಥದ್ದು ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಕಾಣುತ್ತದೆ, ಎಷ್ಟೇ ಕರ್ನಿಂಗ್ (ಅಕ್ಷರ ಜೋಡಿಗಳ ನಡುವಿನ ಜಾಗದ ಹೊಂದಾಣಿಕೆ) ಮಾಡಿದರೂ ಸುಧಾರಿಸುವುದಿಲ್ಲ.

ಇನ್ನೊಂದು ವಿಷಯ. ಸಾದಾ ಮತ್ತು ಬೋಲ್ಡ್‌ಗಳ ನಡುವಿನ ಸೆಮಿಬೋಲ್ಡ್ ನಿಮ್ಮ ಕುಟುಂಬದಲ್ಲಿದ್ದರೆ ಉಪಶೀರ್ಷಿಕೆಗೆ ಅದನ್ನು ಪ್ರಯೋಗಿಸಿ ನೋಡಿ. ಸಾದಾ ಅಕ್ಷರದ ನಿಲುಗೆರೆ 80 ಘಟಕ (ಫಾಂಟಿನೊಳಗಿನ ಅಳತೆಯ ಮಾನ), ಅತಿದಪ್ಪದ್ದು 180 ಘಟಕ ಇದ್ದರೆ, ಕಣ್ಣಿಗೆ ನಟ್ಟನಡುವೆ ಎನ್ನಿಸುವುದು 130 ಅಲ್ಲ, 120ರ ಆಸುಪಾಸು. ದಪ್ಪವನ್ನು ಕಣ್ಣು ಅಳೆಯುವುದು ವ್ಯತ್ಯಾಸದ ಲೆಕ್ಕದಲ್ಲಲ್ಲ, ಅನುಪಾತದ ಲೆಕ್ಕದಲ್ಲಿ. ಆದ್ದರಿಂದಲೇ ಸ್ವಲ್ಪವೇ ದಪ್ಪವಾದ ಸೆಮಿಬೋಲ್ಡ್ ಕೂಡ, ಮೇಲೆ ಕೆಳಗೆ ತಕ್ಕಷ್ಟು ಬಿಳಿ ಜಾಗವಿದ್ದರೆ, ಶೀರ್ಷಿಕೆಯಾಗಿ ಧಾರಾಳವಾಗಿ ಎದ್ದು ಕಾಣುತ್ತದೆ.

ಹಳೆಯಚ್ಚು:

ಮೇಲಿನ ಉತ್ತರದಲ್ಲಿ ರಚನೆಯ ಬಗ್ಗೆ ಹೇಳಿರುವುದೆಲ್ಲ ಸರಿಯಾಗಿದೆ. ನಾನು ಇತಿಹಾಸದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಏಕೆಂದರೆ ‘ಒಂದೇ ಕುಟುಂಬದ ಬೋಲ್ಡ್’ ಎಂಬ ಕಲ್ಪನೆಯೇ ನಾವು ತಿಳಿದಷ್ಟು ಹಳೆಯದಲ್ಲ.

ಲಂಡನ್ನಿನ ವಿಲಿಯಂ ಕ್ಯಾಸ್ಲನ್ ತನ್ನ ಅಚ್ಚುಮೊಳೆಗಳ (ಮುದ್ರಣದ ಲೋಹದ ಅಕ್ಷರಗಳ) ಮಾದರಿ ಹಾಳೆಯನ್ನು ಹೊರತಂದದ್ದು 1734ರಲ್ಲಿ. ಅದರಲ್ಲಿ ಸಾದಾ ಅಕ್ಷರವಿತ್ತು, ಇಟಾಲಿಕ್ ಇತ್ತು, ಇಂದಿನ ಅರ್ಥದ ಬೋಲ್ಡ್ ಇರಲಿಲ್ಲ. 1766ರಲ್ಲಿ ತೀರಿಕೊಂಡ ಕ್ಯಾಸ್ಲನ್‌ಗೆ ಅಂಥದ್ದೊಂದು ಬೇಕಾದೀತೆಂದು ಯೋಚಿಸುವ ಸಂದರ್ಭವೇ ಬಂದಿರಲಿಲ್ಲ. ಆ ಕಾಲದ ಪುಸ್ತಕಗಳಲ್ಲಿ ಶೀರ್ಷಿಕೆಯನ್ನು ಎತ್ತಿ ತೋರಿಸಬೇಕೆಂದರೆ ಅಳತೆ ದೊಡ್ಡದು ಮಾಡುತ್ತಿದ್ದರು, ದೊಡ್ಡಕ್ಷರಗಳನ್ನು ನಡುವೆ ಜಾಗ ಬಿಟ್ಟು ಜೋಡಿಸುತ್ತಿದ್ದರು, ಇಲ್ಲವೇ ಗಾಥಿಕ್ ಮೊಳೆ ಬಳಸುತ್ತಿದ್ದರು. ಹೀಗಾಗಿ ಇಂದು ಕ್ಯಾಸ್ಲನ್ ಬೋಲ್ಡ್ ಎಂದು ಸಿಗುವುದೆಲ್ಲ ಬಹಳ ಕಾಲದ ನಂತರ ಬೇರೆಯವರು ಸೇರಿಸಿದ್ದು.

ದಪ್ಪ ಸೆರಿಫ್ ಹುಟ್ಟಿದ್ದು ಪುಸ್ತಕಕ್ಕಲ್ಲ, ಜಾಹೀರಾತಿಗೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಮೊಳೆ ತಯಾರಕರು ‘ಫ್ಯಾಟ್ ಫೇಸ್’ ಎಂಬ ಅತಿದಪ್ಪ ಅಕ್ಷರಗಳನ್ನು ಹೊರತಂದರು. ಅದರ ಶ್ರೇಯಸ್ಸು ಹೆಚ್ಚಾಗಿ ರಾಬರ್ಟ್ ಥಾರ್ನ್‌ಗೆ ಸಲ್ಲುತ್ತದೆ. ಲಾಟರಿಯ ಭಿತ್ತಿಪತ್ರಗಳು ಗೋಡೆಗಳ ಮೇಲೆ ಒಂದರೊಡನೊಂದು ಪೈಪೋಟಿಗಿಳಿದಿದ್ದ ಕಾಲ ಅದು. ಅಕ್ಷರದ ಎತ್ತರದ ಮೂರನೇ ಒಂದು ಭಾಗವನ್ನೂ ಮೀರಿದ ನಿಲುಗೆರೆ, ಅದರ ಪಕ್ಕದಲ್ಲೇ ದಾರದಂಥ ತೆಳು ಗೆರೆ. ಮೊಳೆಕೆತ್ತನೆಯವರು ಹೇಳಿದ ಮೊದಲ ದಾರಿಯ ತುತ್ತತುದಿಯಿದು. ಬೀದಿಯ ಆಚೆಯಿಂದ ಕೂಗಿ ಕರೆಯುವ ಈ ಅಕ್ಷರವನ್ನು ಪುಸ್ತಕದ ಪಠ್ಯದ ನಡುವೆ ಕೂರಿಸುವುದು ಅಸಾಧ್ಯ, ಕೂರಿಸಬೇಕೆಂಬ ಉದ್ದೇಶವೂ ಅದಕ್ಕಿರಲಿಲ್ಲ.

ಪಠ್ಯದ ನಡುವೆ ಕೂರಲೆಂದೇ ಮಾಡಿದ ದಪ್ಪಕ್ಷರ ಕ್ಲಾರೆಂಡನ್. ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಲ್ಲಿ (ಅಚ್ಚುಮೊಳೆ ತಯಾರಿಸುವ ಕಾರ್ಖಾನೆಯಲ್ಲಿ) ರಾಬರ್ಟ್ ಬೆಸ್ಲಿಗಾಗಿ ಬೆಂಜಮಿನ್ ಫಾಕ್ಸ್ ಇದನ್ನು ಕೆತ್ತಿದ್ದು 1845ರಲ್ಲಿ. ನಿಘಂಟಿನ ಮುಖ್ಯಪದ, ವೇಳಾಪಟ್ಟಿಯ ಊರಿನ ಹೆಸರು, ಪಠ್ಯಪುಸ್ತಕದ ಉಪಶೀರ್ಷಿಕೆ ಇಂಥವನ್ನು ಓದುಗನ ಕಣ್ಣು ಪುಟದಲ್ಲಿ ತಕ್ಷಣ ಹುಡುಕಿಕೊಳ್ಳಬೇಕಾದ ಕಡೆ ಅದು ಸಾದಾ ಅಕ್ಷರದ ಸಾಲಿನಲ್ಲೇ, ಅದೇ ಅಡಿಗೆರೆಯ ಮೇಲೆ ಕೂರುತ್ತಿತ್ತು. 1842ರ ವಿನ್ಯಾಸ ಕಾಯಿದೆಯಡಿ ಬೆಸ್ಲಿ ಅದನ್ನು ನೋಂದಾಯಿಸಿದ. ಸಿಕ್ಕ ರಕ್ಷಣೆ ಮೂರೇ ವರ್ಷದ್ದು. ಅವಧಿ ಮುಗಿದದ್ದೇ ತಡ, ಉಳಿದ ಫೌಂಡ್ರಿಗಳೆಲ್ಲ ತಮ್ಮತಮ್ಮ ಕ್ಲಾರೆಂಡನ್‌ಗಳನ್ನು ಮಾರುಕಟ್ಟೆಗೆ ಬಿಟ್ಟವು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅದು ಯಾವ ಸಾದಾ ಅಕ್ಷರದ ಬೋಲ್ಡೂ ಆಗಿರಲಿಲ್ಲ. ಮುದ್ರಕರ ಬಳಿ ಯಾವ ಪಠ್ಯಾಕ್ಷರವಿತ್ತೋ ಅದರ ಜೊತೆಗೆ ಇದನ್ನು ಬಳಸಿದರು. ಆದ್ದರಿಂದ ನಿಮ್ಮ ಕ್ಯಾಸ್ಲನ್ ಪಕ್ಕದಲ್ಲಿ ಅದು ಒಗ್ಗಿಕೊಂಡದ್ದರಲ್ಲಿ ನನಗೆ ವಿಚಿತ್ರವೇನೂ ಕಾಣುವುದಿಲ್ಲ, ಅದು ಮಾಡುತ್ತಿರುವುದು ತನ್ನ ಮೂಲ ಕಸುಬನ್ನೇ. (ಇಂದು ಕ್ಲಾರೆಂಡನ್ ಹೆಸರಿನಲ್ಲಿ ಸಿಗುವ ಹಲವು ಫಾಂಟ್‌ಗಳು 1953ರಲ್ಲಿ ಹರ್ಮನ್ ಐಡೆನ್‌ಬೆನ್ಸ್ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗೆ ಬಿಡಿಸಿದ ರೂಪವನ್ನು ಅನುಸರಿಸುತ್ತವೆ. ಬೆಸ್ಲಿಯದು ಅದಕ್ಕಿಂತ ಕಿರಿದು, ಬಿಗಿ.)

ಸಾದಾ, ಬೋಲ್ಡ್, ಕಿರಿದು, ಅಗಲ ಎಂದು ದೊಡ್ಡ ಕುಟುಂಬಗಳನ್ನು ಕಟ್ಟುವ ರೂಢಿ ಬಲವಾಗಿ ಬೇರೂರಿದ್ದು ಚೆಲ್ಟೆನ್‌ಹ್ಯಾಮ್‌ನಿಂದ. ವಾಸ್ತುಶಿಲ್ಪಿ ಬರ್ಟ್ರಮ್ ಗುಡ್‌ಹ್ಯೂ 19ನೇ ಶತಮಾನದ ಕೊನೆಗೆ ಮಾಡಿದ ವಿನ್ಯಾಸವನ್ನು ಅಮೆರಿಕನ್ ಟೈಪ್ ಫೌಂಡರ್ಸ್ ಕೈಗೆತ್ತಿಕೊಂಡಿತು. ಅಲ್ಲಿನ ಮಾರಿಸ್ ಫುಲ್ಲರ್ ಬೆಂಟನ್ 1904ರಲ್ಲಿ ಅದರ ಬೋಲ್ಡ್ ಬಿಡಿಸಿ, ಮುಂದಿನ ವರ್ಷಗಳಲ್ಲಿ ಕುಟುಂಬವನ್ನು ಬೆಳೆಸುತ್ತಲೇ ಹೋದ. ಚೆಲ್ಟೆನ್‌ಹ್ಯಾಮ್‌ನ ಸಾದಾ ರೂಪದಲ್ಲೇ ದಪ್ಪ-ತೆಳುವಿನ ಅಂತರ ಬಹಳ ಕಡಿಮೆ, ಸೆರಿಫ್‌ಗಳು ಗಿಡ್ಡ. ಹಾಗಾಗಿ ಅದು ಎಷ್ಟು ದಪ್ಪವನ್ನು ಹೇರಿದರೂ ಹೊತ್ತುಕೊಂಡಿತು. ಪುಸ್ತಕದ ಪಠ್ಯಕ್ಕೆಂದು ಹೊರಟ ಅಕ್ಷರ ಹೆಸರು ಮಾಡಿದ್ದು ಮಾತ್ರ ಶೀರ್ಷಿಕೆಗಳಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2003ರಲ್ಲಿ ಶೀರ್ಷಿಕೆಗಳ ಅಕ್ಷರವನ್ನು ಒಂದೇ ಕುಟುಂಬಕ್ಕೆ ತಂದಾಗ ಆರಿಸಿಕೊಂಡದ್ದು ಮ್ಯಾಥ್ಯೂ ಕಾರ್ಟರ್ ಹೊಸದಾಗಿ ಬಿಡಿಸಿದ ಚೆಲ್ಟೆನ್‌ಹ್ಯಾಮ್ ಅನ್ನು.

ಒಂದೇ ಕುಟುಂಬವೆಂದ ಮಾತ್ರಕ್ಕೆ ರೂಪವೂ ಒಂದೇ ಆಗಿರಬೇಕೆಂದಿಲ್ಲ ಎಂಬುದಕ್ಕೆ 1932ರ ಟೈಮ್ಸ್ ನ್ಯೂ ರೋಮನ್ ಒಳ್ಳೆಯ ಉದಾಹರಣೆ. ಅದರ ಸಾದಾ ಚಿಕ್ಕಕ್ಷರ ‘ಓ’ನಲ್ಲಿ ತೆಳು ಭಾಗಗಳು ಓರೆಯಾಗಿ ಎದುರುಬದುರಾಗಿವೆ, ಬೋಲ್ಡ್‌ನಲ್ಲಿ ಅವು ನೇರ ಮೇಲಕ್ಕೂ ಕೆಳಕ್ಕೂ ಸರಿದಿವೆ, ಸೆರಿಫ್‌ಗಳು ಚಪ್ಪಟೆಯಾಗಿವೆ. ಎರಡೂ ದಿನನಿತ್ಯ ಒಂದೇ ಪುಟದಲ್ಲಿ ಬರುತ್ತವೆ, ಓದುಗರು ಇದನ್ನು ಗಮನಿಸುವುದೂ ಇಲ್ಲ.

ಸಾಲುಸಾಲಾಗಿ ಅಕ್ಷರಗಳನ್ನು ಎರಕ ಹೊಯ್ಯುತ್ತಿದ್ದ ಲೈನೋಟೈಪ್ ಯಂತ್ರದ ಪಾಲನ್ನೂ ಮರೆಯುವಂತಿಲ್ಲ. ಅದರ ಒಂದೊಂದು ಅಚ್ಚಿನಲ್ಲಿ ಎರಡು ಅಕ್ಷರಗಳಿರುತ್ತಿದ್ದವು: ಒಂದು ಸಾದಾ, ಇನ್ನೊಂದು ಇಟಾಲಿಕ್ ಅಥವಾ ಬೋಲ್ಡ್. ಅಚ್ಚು ಒಂದೇ ಆದ್ದರಿಂದ ಎರಡರ ಅಗಲವೂ ಒಂದೇ. ಸಹಜವಾಗಿ ಅಗಲವಾಗಬೇಕಿದ್ದ ಬೋಲ್ಡ್ ಅನ್ನು ಸಾದಾ ಅಕ್ಷರದ ಅಗಲಕ್ಕೆ ತುರುಕಬೇಕಾಯಿತು. ಆ ಕಾಲದ ಎಷ್ಟೋ ಬೋಲ್ಡ್‌ಗಳು ಉಸಿರುಗಟ್ಟಿದಂತೆ ಕಾಣುವುದಕ್ಕೆ ವಿನ್ಯಾಸಕಾರನ ಕೈಗಿಂತ ಯಂತ್ರದ ಕಟ್ಟುಪಾಡೇ ಕಾರಣ. ಅವನ್ನು ಹಾಗೆಹಾಗೇ ಕಂಪ್ಯೂಟರಿಗೆ ತಂದಿರುವ ಫಾಂಟ್‌ಗಳು ಈಗಲೂ ಚಲಾವಣೆಯಲ್ಲಿವೆ.

ಪುಟಕಟ್ಟು:

ಇಬ್ಬರಿಗೂ ಧನ್ಯವಾದಗಳು. ‘ಎನ್’ ಮತ್ತು ‘ಎಮ್’ಗಳ ಪರೀಕ್ಷೆಯನ್ನು ಮಾಡಿ ನೋಡಿದೆ: ನನ್ನ ಫಾಂಟಿನ ಬೋಲ್ಡ್‌ನಲ್ಲಿ ಕಮಾನಿನ ಬುಡ ತೆಳುವಾಗಿಯೇ ಇದೆ, ಆದರೆ ‘ಎಮ್’ನ ಮೂರೂ ಗೆರೆಗಳು ‘ಎನ್’ನಷ್ಟೇ ದಪ್ಪವಾಗಿವೆ.

ಮೊದಲೇ ಹೇಳಬೇಕಿದ್ದ ಇನ್ನೆರಡು ವಿವರಗಳಿವೆ. ಮುಖಪುಟದಲ್ಲಿ ಗಾಢ ನೀಲಿಯ ಮೇಲೆ ಬಿಳಿ ಅಕ್ಷರಗಳು ಬರುತ್ತವೆ, ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣ. ಪುಸ್ತಕದ ಒಂದು ಅಧ್ಯಾಯವನ್ನು ಜಾಲತಾಣದಲ್ಲಿಯೂ ಪ್ರಕಟಿಸುವವರಿದ್ದಾರೆ. ಇವೆರಡಕ್ಕೂ ಒಂದೇ ಅಕ್ಷರ ಸಾಕಾದೀತೇ?

ಶಾಯಿಪರದೆ:

ಮುದ್ರಣವನ್ನೂ ಪರದೆಯನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಎರಡೂ ಕಡೆ ಅಕ್ಷರಕ್ಕೆ ಆಗುವ ಹಾನಿ ಒಂದೇ ಬಗೆಯದಲ್ಲ.

ಬಣ್ಣದ ನೆಲದ ಮೇಲೆ ಬಿಳಿ ಅಕ್ಷರವೆಂದರೆ ಅಕ್ಷರದ ಮೇಲೆ ಶಾಯಿಯೇ ಇಲ್ಲ, ಸುತ್ತ ಮಾತ್ರ ಇದೆ. ಶಾಯಿ ಸ್ವಲ್ಪವಾದರೂ ಹರಡುತ್ತದೆ, ಹರಡಿದಾಗ ಒಳಮುಖವಾಗಿ ಅಕ್ಷರದ ಕಡೆಗೇ ಬರುತ್ತದೆ. ಕಪ್ಪು ಅಕ್ಷರದಲ್ಲಿ ಹರಡಿದ ಶಾಯಿ ತೆಳು ಗೆರೆಯನ್ನು ದಪ್ಪ ಮಾಡಿದರೆ, ಬಿಳಿ ಅಕ್ಷರದಲ್ಲಿ ಅದೇ ಶಾಯಿ ತೆಳು ಗೆರೆಯನ್ನು ತಿಂದುಹಾಕುತ್ತದೆ. ಇದರ ಮೇಲೆ ಇನ್ನೊಂದು ಸಂಕಟವಿದೆ. ಗಾಢ ನೀಲಿ ಬಣ್ಣ ಬರುವುದು ಸಯಾನ್ ಮತ್ತು ಮಜೆಂಟಾ ಶಾಯಿಗಳು ಒಂದರ ಮೇಲೊಂದು ಬಿದ್ದಾಗ, ಕೆಲವೊಮ್ಮೆ ಜೊತೆಗೆ ಕಪ್ಪೂ ಸೇರುತ್ತದೆ. ಪ್ಲೇಟುಗಳ ಹೊಂದಾಣಿಕೆ ಒಂದು ಮಿಲಿಮೀಟರಿನ ಹತ್ತನೇ ಒಂದಂಶ ಸರಿದರೂ ಬಿಳಿ ಅಕ್ಷರದ ಒಂದು ಅಂಚಿನಲ್ಲಿ ಗುಲಾಬಿ, ಇನ್ನೊಂದರಲ್ಲಿ ತಿಳಿನೀಲಿ ಎಳೆ ಇಣುಕುತ್ತದೆ. ದಪ್ಪ ನಿಲುಗೆರೆಯಲ್ಲಿ ಅದು ಕಣ್ಣಿಗೆ ಬೀಳದಿರಬಹುದು; ಸೆರಿಫ್‌ನ ತುದಿ ಅಷ್ಟೇ ತೆಳುವಾಗಿದ್ದರೆ ಆ ತುದಿಯೇ ಮಾಯವಾಗುತ್ತದೆ.

ಆದ್ದರಿಂದ ಮುಖಪುಟದ ಮುಖ್ಯ ಶೀರ್ಷಿಕೆ 60 ಪಾಯಿಂಟಿನಲ್ಲಿದ್ದರೆ ಯಾವ ಬೋಲ್ಡ್ ಆದರೂ ಬದುಕೀತು. ಫ್ಯಾಟ್ ಫೇಸ್‌ನ ತೆಳು ಗೆರೆಗೂ ಅಲ್ಲಿ ತಕ್ಕಷ್ಟು ಅಗಲವಿರುತ್ತದೆ. ಅದೇ ಪುಟದ ಉಪಶೀರ್ಷಿಕೆ, ಲೇಖಕರ ಹೆಸರು, ಬೆನ್ನುಪುಟದ ಪರಿಚಯ ಇವುಗಳಿಗೆ ಮಾತ್ರ ದಪ್ಪ-ತೆಳುವಿನ ಅಂತರ ಕಡಿಮೆಯಿರುವ, ಸೆರಿಫ್ ಗಿಡ್ಡವಾಗಿರುವ ರೂಪವನ್ನೇ ಆರಿಸಿ. ನೀಲಿಯನ್ನು ಪ್ರತ್ಯೇಕ ಶಾಯಿಯಾಗಿ ಮುದ್ರಿಸಲು ಅವಕಾಶವಿದ್ದರೆ ಹೊಂದಾಣಿಕೆಯ ಚಿಂತೆ ಬಹುಮಟ್ಟಿಗೆ ನೀಗುತ್ತದೆ. ಕಾಗದದ ಗುಣವನ್ನೂ ಕೇಳಿಕೊಳ್ಳಿ. 1913ರಲ್ಲಿ ಮಾನೊಟೈಪ್ ಸಂಸ್ಥೆ ಪ್ಲಾಂಟಿನ್ ಅಕ್ಷರವನ್ನು ಸಾದಾ ರೂಪದಲ್ಲೇ ತುಸು ದಪ್ಪವಾಗಿ ಮಾಡಿದ್ದು ಇದೇ ಕಾರಣಕ್ಕೆ: ನುಣುಪು ಕಾಗದದಲ್ಲಿ ಶಾಯಿ ಹರಡದೆ ಹಳೆಯ ಅಕ್ಷರಗಳು ಬಡಕಲಾಗಿ ಕಾಣುತ್ತಿದ್ದವು. ಒರಟು ಕಾಗದದಲ್ಲಿ ಅದೇ ಪ್ಲಾಂಟಿನ್ ಹೆಚ್ಚುಕಡಿಮೆ ಸೆಮಿಬೋಲ್ಡ್‌ನಂತೆ ನಿಲ್ಲುತ್ತದೆ.

ಇನ್ನು ಪರದೆ. 1990ರ ದಶಕದ ಪರದೆಗಳಲ್ಲಿ ಪಠ್ಯದ ಅಳತೆಯಲ್ಲಿ ಸಾದಾ ಅಕ್ಷರದ ನಿಲುಗೆರೆಗೆ ದಕ್ಕುತ್ತಿದ್ದುದು ಒಂದೇ ಒಂದು ಪಿಕ್ಸೆಲ್. ಬೋಲ್ಡ್ ಬೇಕೆಂದರೆ ಎರಡು ಪಿಕ್ಸೆಲ್, ಒಂದೂವರೆ ಎಂಬುದಕ್ಕೆ ಜಾಗವಿರಲಿಲ್ಲ. ಮ್ಯಾಥ್ಯೂ ಕಾರ್ಟರ್ ವಿನ್ಯಾಸ ಮಾಡಿ ಮೈಕ್ರೋಸಾಫ್ಟ್ 1996ರಲ್ಲಿ ಬಿಡುಗಡೆ ಮಾಡಿದ ಜಾರ್ಜಿಯಾ ಅಕ್ಷರದ ಬೋಲ್ಡ್ ಪುಸ್ತಕದ ರೂಢಿಗಿಂತ ಅಷ್ಟೊಂದು ದಪ್ಪವಾಗಿರುವುದು ಈ ನಿರ್ಬಂಧದಿಂದ. ನಿರ್ಬಂಧವನ್ನು ಮುಚ್ಚಿಡದೆ, ಎರಡು ಪಿಕ್ಸೆಲ್ ಗೆರೆಗೆ ಎಷ್ಟು ಒಳಜಾಗ ಬೇಕೋ ಅಷ್ಟನ್ನು ಕೊಟ್ಟು ಅಕ್ಷರವನ್ನು ಅಗಲವಾಗಿಯೇ ಬಿಡಿಸಿದ್ದರಿಂದ ಅದು ಇಂದಿಗೂ ಓದಲು ಸಲೀಸು. ಈಗಿನ ಫೋನುಗಳ ಪರದೆ ಸೂಕ್ಷ್ಮವಾಗಿರುವುದರಿಂದ ಆ ಕಟ್ಟು ಸಡಿಲವಾಗಿದೆ, ಸೆಮಿಬೋಲ್ಡ್ ಅನ್ನು ಧೈರ್ಯವಾಗಿ ಬಳಸಬಹುದು.

ಜಾಲತಾಣದಲ್ಲಿ ನಾನು ಪದೇಪದೇ ಕಾಣುವ ಕೆಡುಕು ಬೇರೆಯದೇ. ಸಾದಾ ರೂಪದ ಕಡತವನ್ನು ಮಾತ್ರ ತಾಣಕ್ಕೆ ಸೇರಿಸಿ, ಶೀರ್ಷಿಕೆಗೆ ಬೋಲ್ಡ್ ಎಂದು ಸೂಚಿಸಿರುತ್ತಾರೆ. ಬೋಲ್ಡ್ ಕಡತ ಸಿಗದ ಬ್ರೌಸರ್ ಸಾದಾ ಅಕ್ಷರವನ್ನೇ ಉಬ್ಬಿಸಿ ತೋರಿಸುತ್ತದೆ. ಸೆರಿಫ್‌ಗಳು ಮೊಂಡಾಗುತ್ತವೆ, ‘ಇ’ಯ ಕಣ್ಣು ಮುಚ್ಚುತ್ತದೆ, ತಾಣದ ಒಡೆಯರು ಫಾಂಟನ್ನು ಬೈಯುತ್ತಾರೆ. ಪ್ರಕಟಿಸುವ ಮುನ್ನ 400 (ಸಾದಾ) ಮತ್ತು 700 (ಬೋಲ್ಡ್) ಎರಡು ವೆಯ್ಟ್‌ಗಳ ಕಡತಗಳೂ ನಿಜವಾಗಿ ಇಳಿಯುತ್ತಿವೆಯೇ ಎಂದು ಬ್ರೌಸರಿನ ಪರೀಕ್ಷಾ ಉಪಕರಣದಲ್ಲಿ ನೋಡಿಕೊಳ್ಳಿ. ಸಿಎಸ್‌ಎಸ್‌ನಲ್ಲಿ (ಜಾಲಪುಟದ ವಿನ್ಯಾಸ ಸೂಚಿಸುವ ಭಾಷೆಯಲ್ಲಿ) ಈ ಕೃತಕ ಬೋಲ್ಡ್ ಅನ್ನು ತಡೆಯುವ ಸೂಚನೆಯೂ ಇದೆ.

ಒಂದೇ ಅಕ್ಷರ ಸಾಕೇ ಎಂದು ಕೇಳಿದ್ದೀರಿ. ಅಳತೆಗೆ ತಕ್ಕಂತೆ ರೂಪ ಬದಲಿಸುವ ಫಾಂಟ್ ಆದರೆ ಸಾಕು. ಲೋಹದ ಮೊಳೆಗಳ ಕಾಲದಲ್ಲಿ ಒಂದೊಂದು ಅಳತೆಯನ್ನೂ ಬೇರೆಯಾಗಿ ಕೆತ್ತುತ್ತಿದ್ದುದರಿಂದ ಸಣ್ಣದು ತಾನಾಗಿ ಗಟ್ಟಿಯಾಗಿ, ದೊಡ್ಡದು ನಾಜೂಕಾಗಿ ಇರುತ್ತಿತ್ತು. 2016ರಲ್ಲಿ ಓಪನ್‌ಟೈಪ್ ಎಂಬ ಫಾಂಟ್ ಕಡತದ ಮಾದರಿಗೆ ಸೇರಿದ ವೇರಿಯಬಲ್ ಫಾಂಟ್ (ರೂಪವನ್ನು ಬೇಕಾದಷ್ಟು ಬದಲಿಸಿಕೊಳ್ಳಬಹುದಾದ ಫಾಂಟ್) ವ್ಯವಸ್ಥೆಯಿಂದ ಆ ಸೌಕರ್ಯ ಒಂದೇ ಕಡತದಲ್ಲಿ ಮರಳಿ ಸಿಕ್ಕಿದೆ. ಮುಕ್ತ ಪರವಾನಗಿಯವುಗಳಲ್ಲಿ ಸೋರ್ಸ್ ಸೆರಿಫ್ 4 ಈ ದೃಷ್ಟಿಯಿಂದ ಅಚ್ಚುಕಟ್ಟು, ಸ್ವಲ್ಪ ಸಪ್ಪೆ ಎನ್ನಬಹುದು. ಫ್ರಾನ್ಸಸ್‌ಗೆ ಹಳೆಯ ಮಾದರಿಯ ಮೆದು ಸೆರಿಫ್‌ಗಳಿವೆ, ಅದರ ದಪ್ಪ ರೂಪ ಮುಖಪುಟದಲ್ಲಿ ತುಂಬುಮುಖದಿಂದ ನಿಲ್ಲುತ್ತದೆ. ಎಬ್ರಿಲ್ ಫ್ಯಾಟ್‌ಫೇಸ್ ಹೆಸರೇ ಹೇಳುವಂತೆ ದೊಡ್ಡ ಅಳತೆಗೆ ಮಾತ್ರ. ಪ್ಲೇಫೇರ್ ಡಿಸ್‌ಪ್ಲೇಯನ್ನು ಪಠ್ಯದ ಅಳತೆಯಲ್ಲಿ ಬಳಸುವವರನ್ನು ಬಹಳ ಕಂಡಿದ್ದೇನೆ. ಹೆಸರಿನಲ್ಲೇ ಎಚ್ಚರಿಕೆ ಇದ್ದರೂ ಯಾರೂ ಲಕ್ಷಿಸುವುದಿಲ್ಲ.

ಹಳೆಯಚ್ಚು:

ಫ್ರಾನ್ಸಸ್ ಬಗ್ಗೆ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಅದರ ಪೂರ್ವಜರಲ್ಲೊಂದು 1922ರ ಕೂಪರ್ ಬ್ಲ್ಯಾಕ್. ಶಿಕಾಗೋದ ಆಸ್ವಲ್ಡ್ ಕೂಪರ್ ಬಿಡಿಸಿದ ಆ ಅಕ್ಷರದಲ್ಲಿ ಸೆರಿಫ್‌ಗಳೆಲ್ಲ ದುಂಡಾಗಿ, ಚೂಪೆಂಬುದೇ ಇಲ್ಲದೆ ಉರುಟುರುಟಾಗಿವೆ. ಜಾಹೀರಾತುದಾರರು ಅದನ್ನು ಎಷ್ಟು ಮೆಚ್ಚಿದರೆಂದರೆ, ಪೈಪೋಟಿಗೆಂದು ಫ್ರೆಡರಿಕ್ ಗೌಡಿಯಿಂದ 1925ರಲ್ಲಿ ಗೌಡಿ ಹೆವಿಫೇಸ್ ಬರೆಸಲಾಯಿತು. ಇವೆರಡೂ ಸ್ನೇಹಪರ, ಲಘು ಧಾಟಿಯ ಅಕ್ಷರಗಳು. ತಿಂಡಿಯ ಪೊಟ್ಟಣ, ಸಂಗೀತದ ಆಲ್ಬಮ್, ಮಕ್ಕಳ ಪುಸ್ತಕ ಇಂಥವಕ್ಕೆ ಹೇಳಿ ಮಾಡಿಸಿದಂತಿವೆ. ಗಂಭೀರ ಪ್ರಬಂಧಗಳ ಸಂಕಲನಕ್ಕೆ ಆ ಧಾಟಿ ಒಪ್ಪುತ್ತದೆಯೇ ಎಂಬುದನ್ನು ಪ್ರಬಂಧಗಳನ್ನು ಓದಿದ ನೀವೇ ತೀರ್ಮಾನಿಸಬೇಕು. ನನ್ನ ಒಲವು ಚೆಲ್ಟೆನ್‌ಹ್ಯಾಮ್ ಬೋಲ್ಡ್‌ನಂಥ ನೇರ ಮುಖದ ಅಕ್ಷರದ ಕಡೆಗೆ.

ಶಾಯಿಪರದೆ:

ಒಪ್ಪುತ್ತೇನೆ, ಆದರೆ ಫ್ರಾನ್ಸಸ್‌ನಲ್ಲಿ ಮೆದುತನವನ್ನು ಕಡಿಮೆ ಮಾಡುವ ಅಕ್ಷವೊಂದಿದೆ (ಏರಿಳಿಸಬಹುದಾದ ನಿಯಂತ್ರಣ). ಅದನ್ನು ಸೊನ್ನೆಗೆ ಇಳಿಸಿದರೆ ತುದಿಗಳು ಚೂಪಾಗಿ ಧಾಟಿ ಸಾಕಷ್ಟು ಬಿಗಿಯಾಗುತ್ತದೆ.

ಮೊಳೆಕೆತ್ತನೆ:

‘ಎಮ್’ ಬಗ್ಗೆ ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಬೋಲ್ಡ್ ಅರ್ಧ ಮಾತ್ರ ದುಡಿದದ್ದು. ಒಳಪುಟದ ಉಪಶೀರ್ಷಿಕೆಗೆ ಅದನ್ನು ಬಿಟ್ಟು, ಕ್ಯಾಸ್ಲನ್‌ನದೇ ಸಣ್ಣ ದೊಡ್ಡಕ್ಷರಗಳನ್ನು (ಚಿಕ್ಕಕ್ಷರದ ಎತ್ತರಕ್ಕೆ ಬಿಡಿಸಿದ ದೊಡ್ಡಕ್ಷರಗಳನ್ನು) ನಡುವೆ ತುಸು ಜಾಗ ಬಿಟ್ಟು ಜೋಡಿಸುವುದು ಉತ್ತಮ. ಕ್ಯಾಸ್ಲನ್ ಕಾಲದ ಪುಟಕ್ಕೆ ಅದೇ ಸಹಜ. ಅಧ್ಯಾಯದ ಶೀರ್ಷಿಕೆಗೆ ಕ್ಲಾರೆಂಡನ್ ಇಡುವುದಾದರೆ ಅದರ ಅಳತೆಯನ್ನು ಚಿಕ್ಕಕ್ಷರಗಳ ಎತ್ತರ ನೋಡಿ ಹೊಂದಿಸಿ, ಪಾಯಿಂಟ್ ಸಂಖ್ಯೆ ನೋಡಿ ಅಲ್ಲ. ಕ್ಲಾರೆಂಡನ್‌ನ ಚಿಕ್ಕಕ್ಷರ ಎತ್ತರವಾದ್ದರಿಂದ 14 ಪಾಯಿಂಟಿನಲ್ಲೇ ಅದು ಕ್ಯಾಸ್ಲನ್‌ನ 16 ಅಥವಾ 17 ಪಾಯಿಂಟಿನಷ್ಟು ದೊಡ್ಡದಾಗಿ ಕಂಡೀತು.

ಅಕ್ಷರಗಳ ನಡುವಿನ ಅಂತರವನ್ನೂ ಎರಡು ಕಡೆ ಎರಡು ರೀತಿ ಇಡಬೇಕು. ಬೋಲ್ಡ್‌ನಲ್ಲಿ ಒಳಜಾಗ ಕಿರಿದಾದ್ದರಿಂದ ಹೊರಗಿನ ಜಾಗವೂ ಕಿರಿದಾದರೇ ಲಯ ಕೂಡುತ್ತದೆ. ಮುಖಪುಟದ 60 ಪಾಯಿಂಟಿನಲ್ಲಿ ಚಿಕ್ಕಕ್ಷರಗಳನ್ನು ಸ್ವಲ್ಪ ಬಿಗಿ ಮಾಡಿ. ಹಿನ್ನೆಲೆ ನೀಲಿಯಾಗಿರುವ ಸಣ್ಣ ಸಾಲುಗಳಲ್ಲಿ ತದ್ವಿರುದ್ಧವಾಗಿ ಸಡಿಲಿಸಿ. ದೊಡ್ಡಕ್ಷರಗಳಲ್ಲೇ ಇರುವ ಸಾಲನ್ನಂತೂ ಎಲ್ಲ ಅಳತೆಯಲ್ಲೂ ಸಡಿಲಿಸಲೇಬೇಕು. ನಿಲುಗೆರೆಗಳು ಸಾಲಾಗಿ ನಿಂತ ಕಡೆ ಬೋಲ್ಡ್ ಬಹಳ ಬೇಗ ಕಪ್ಪುಗಟ್ಟುತ್ತದೆ.

ಕೊನೆಯದಾಗಿ, ಶೀರ್ಷಿಕೆಯಲ್ಲಿ ಇಸವಿ ಅಥವಾ ಸಂಖ್ಯೆ ಇದ್ದರೆ ಅಂಕಿಗಳ ಬಗೆಯನ್ನು ನೋಡಿಕೊಳ್ಳಿ. ಹಳೆಯ ಮಾದರಿಯ ಫಾಂಟ್‌ಗಳಲ್ಲಿ 3, 4, 5, 7, 9 ಸಾಲಿನಿಂದ ಕೆಳಗಿಳಿಯುವ ಅಂಕಿಗಳು ಪೂರ್ವನಿಯೋಜಿತವಾಗಿರುವುದುಂಟು. ಪಠ್ಯದಲ್ಲಿ ಅವು ಚೆನ್ನ. ದೊಡ್ಡಕ್ಷರಗಳ ದಪ್ಪ ಶೀರ್ಷಿಕೆಯ ನಡುವೆ ಬಂದರೆ ಮಾತ್ರ ಗುಂಡಿಗೆ ಬಿದ್ದಂತೆ ಕಾಣುತ್ತವೆ; ಓಪನ್‌ಟೈಪ್ ಆಯ್ಕೆಗಳಲ್ಲಿ ಸಮ ಎತ್ತರದ ಅಂಕಿಗಳಿಗೆ ಬದಲಿಸಿಕೊಳ್ಳಿ. ಕೆಲವು ಕುಟುಂಬಗಳಲ್ಲಿ ಸಾದಾ ರೂಪಕ್ಕೆ ಎರಡು ಬಗೆಯ ಅಂಕಿಗಳಿದ್ದು ಬೋಲ್ಡ್‌ಗೆ ಒಂದೇ ಇರುತ್ತದೆ, ಆದ್ದರಿಂದ ಫಾಂಟ್ ಕೊಳ್ಳುವ ಮೊದಲೇ ಮಾದರಿ ಪುಟದಲ್ಲಿ ನಿಮ್ಮ ಶೀರ್ಷಿಕೆಯನ್ನು ಇದ್ದ ಹಾಗೇ ಬೆರಳಚ್ಚಿಸಿ ನೋಡಿ.